ಸದ್ದು ಮಾಡದ ವಾಲ್ವು

ಮಾರ್ಚ್ 3, ಸೋಮವಾರ

ಡಾಕ್ಟರಮ್ಮ ಬರೆದಿಡಿ ಎಂದಿದ್ದಾರೆ, ಬರೆಯುತ್ತಿದ್ದೇನೆ. ದಿನಕ್ಕೆರಡು ಸಲ ಬಿಪಿ, ಜೊತೆಗೆ ಮೂಗಿನಿಂದ ರಕ್ತ ಬಂತೇ ಇಲ್ಲವೇ. ಮೂವತ್ತೊಂದು ವರ್ಷ ಬಾಯ್ಲರಿನ ಲಾಗ್ ಬುಕ್ ಬರೆದವನಿಗೆ ಇದೇನು ಮಹಾ ಕೆಲಸವಲ್ಲ. ನಮ್ಮ ಲಾಂಡ್ರಿಯಲ್ಲಿ ಅರ್ಧ ಖಾಲಿ ಇದ್ದ ಹಳೇ ಲಾಗ್ ಬುಕ್ಕೊಂದನ್ನು ತಂದೆ. ಸಮಯ, ಒತ್ತಡ, ನೀರು, ಷರಾ ಎಂದು ನಾಲ್ಕು ಕಾಲಂ. 'ನೀರು' ಎಂಬುದನ್ನು ಹೊಡೆದುಹಾಕಿ 'ಮೂಗು' ಎಂದು ಬರೆದಿದ್ದೇನೆ. ಷರಾದಲ್ಲಿ ನನಗೆ ತೋಚಿದ್ದನ್ನು ಬರೆಯುತ್ತೇನೆ, ಯಾರಪ್ಪನ ಗಂಟೇನು ಹೋಗುತ್ತದೆ.

ಆದದ್ದು ಇಷ್ಟು. ಶನಿವಾರ ಒಗೆದ ಬಟ್ಟೆ ಮಡಿಸುವ ಮಡಿಕೆ ಹಾಲ್‌ನಲ್ಲಿ ಸ್ಟೀಮ್ ಪೈಪು ಸೋರುತ್ತಿದೆ ಎಂದು ಕರೆದರು. ಹೋಟೆಲಿನ ಬಿಳಿ ಹಾಸುಬಟ್ಟೆಗಳನ್ನು ಮಡಿಸಿ ಎದೆಯೆತ್ತರ ಜೋಡಿಸಿಟ್ಟಿದ್ದರು. ನಾನು ಬಗ್ಗಿ ಪೈಪು ನೋಡುತ್ತಿದ್ದೆ, ಮೂಗಿನಿಂದ ಟಪಟಪನೆ ರಕ್ತ ಬಿತ್ತು. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಇಳಿಯಿತು. ನಮ್ಮ ಮ್ಯಾನೇಜರ್ ಓಡಿ ಬಂದ. ಅವನನ್ನು ನಾವು ಇಸ್ತ್ರಿ ಎನ್ನುತ್ತೇವೆ, ಅಂಗಿಯಲ್ಲೂ ಮುಖದಲ್ಲೂ ಒಂದು ಸುಕ್ಕು ಇಲ್ಲ. ಬಂದವನು ಅಂದದ್ದು "ಅಯ್ಯೋ, ಬಟ್ಟೆ!" ಎಂದು. ಮೂವತ್ತು ಹಾಸುಬಟ್ಟೆ ಮತ್ತೆ ಒಗೆಯಲು ಹೋದವು.

ನಾನು ಚಿಕ್ಕಂದಿನಲ್ಲಿ ಅಮ್ಮ ಹೇಳಿಕೊಟ್ಟ ಹಾಗೆ ತಲೆ ಹಿಂದಕ್ಕೆ ಚೆಲ್ಲಿ ಕೂತೆ. ರಕ್ತವೆಲ್ಲ ಗಂಟಲಿಗೆ ಇಳಿದು, ತೊಟ್ಟಿಗೆ ಕಪ್ಪಗೆ ವಾಂತಿ ಮಾಡಿದೆ. ಆಸ್ಪತ್ರೆಯಲ್ಲಿ ಬಿಪಿ ನೋಡಿದರೆ ಮೇಲಿನದು 190, ಕೆಳಗಿನದು 110.

ಏಪ್ರಿಲ್ ನಾಲ್ಕಕ್ಕೆ ನನ್ನ ವರ್ಷದ ವೈದ್ಯಕೀಯ ಪರೀಕ್ಷೆ. ಮೇಲಿನದು 150 ದಾಟಿದರೆ ಬಾಯ್ಲರ್ ಮುಟ್ಟುವಂತಿಲ್ಲ. ಇಸ್ತ್ರಿ ಆಗಲೇ ಹೇಳಿಯಾಯಿತು, "ಚಿಂತೆ ಮಾಡ್ಬೇಡಿ, ಮಡಿಕೆ ಹಾಲ್‌ನಲ್ಲಿ ಜಾಗ ಇದೆ." ನಿವೃತ್ತಿಗೆ ಇನ್ನೆರಡು ವರ್ಷ ಇರುವಾಗ, ಬೆಂಕಿ ಆಳಿದವನು ದಿಂಬಿನ ಗವಸು ಮಡಿಸುತ್ತ ಕೂರಬೇಕಂತೆ.

ಮಾರ್ಚ್ 4, ಮಂಗಳವಾರ

ಡಾಕ್ಟರಮ್ಮನ ಹತ್ತಿರ ಮತ್ತೆ ಹೋದೆ. ನಾನೇ ವಿವರಿಸಿದೆ: "ಒತ್ತಡ ಮಿತಿ ಮೀರಿತು, ಸೇಫ್ಟಿ ವಾಲ್ವ್ ತೆರೀತು. ಮೂಗು ಅಂದ್ರೆ ವಾಲ್ವು. ಅಷ್ಟೇ ತಾನೇ?"

ಅವರು ನಕ್ಕರು. "ಹಂಗಲ್ಲ. ನಿಮ್ಮ ಬಾಯ್ಲರ್ ಮನೆಯ ಒಣ ಬಿಸಿಗಾಳಿಗೆ ಮೂಗಿನ ಒಳಗೆ ಬಿರುಕು ಬಿಟ್ಟಿದೆ, ಅದಕ್ಕೆ ರಕ್ತ. ಬಿಪಿಯಿಂದ್ಲೇ ಬಂತು ಅನ್ನೋಕಾಗಲ್ಲ. ಬಿಪಿ ಜಾಸ್ತಿ ಇರೋವ್ರಿಗೆ ಒಮ್ಮೆ ಶುರುವಾದ್ರೆ ಬೇಗ ನಿಲ್ಲಲ್ಲ, ಅದು ನಿಜ. ರಕ್ತ ಹೋಯ್ತು ಅಂತ ಬಿಪಿ ಇಳಿಯೋದೂ ಇಲ್ಲ. ನಿಮ್ಮ ಮೂಗು ಒಡೆದಿದ್ದು ನಿಮ್ಮ ಪುಣ್ಯ, ಆ ನೆಪದಲ್ಲಿ ಬಿಪಿ ಸಿಕ್ತು. ಎಷ್ಟೋ ಜನಕ್ಕೆ ಏನೂ ಗೊತ್ತಾಗಲ್ಲ. ಮೂಗೂ ಸೋರಲ್ಲ, ತಲೆನೂ ನೋಯಲ್ಲ."

ಮಗಳ ವಯಸ್ಸಿನವರು. ಒತ್ತಡದ ಜೊತೆ ಮೂವತ್ತೊಂದು ವರ್ಷ ಸಂಸಾರ ಮಾಡಿದವನಿಗೆ ಪಾಠ. ಮೊಮ್ಮಗಳು ಅಜ್ಜಿಗೆ ಕೆಮ್ಮಲು ಕಲಿಸಿದಳಂತೆ. ಮಾತ್ರೆ, ಮೂಗಿಗೆ ಸವರಲು ಮುಲಾಮು ಕೊಟ್ಟರು. ಉಪ್ಪು ಬಿಡಿ ಎಂದರು. ರಕ್ತ ಬಂದರೆ ತಲೆ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಒತ್ತಿ ಹಿಡಿದು, ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಬಿಡಬಾರದು, ಬಾಯಲ್ಲಿ ಉಸಿರಾಡಬೇಕು ಎಂದು ನನ್ನ ಹೆಂಡತಿಗೆ ತೋರಿಸಿಕೊಟ್ಟರು. ಇವರನ್ನು ಸಿಟ್ಟಿಗೆಬ್ಬಿಸಬೇಡಿ ಎಂದೂ ಹೇಳಿದರು. ಇವಳು ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದಳು.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಮುಖ ತೊಳೆಯುವಾಗ ಮತ್ತೆ ರಕ್ತ. ಇವಳು ಒಲೆ ಆರಿಸಿ ಬಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮೂಗು ಹಿಡಿದಳು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ, ನನ್ನ ಮೂಗು ಹಿಡಿದದ್ದು ಇದೇ ಮೊದಲು. ನನ್ನ ಸಿಟ್ಟು ಇರುವುದೇ ಮೂಗಿನ ತುದಿಯಲ್ಲಿ ಎಂದು ಅವಳ ತವರಿನವರೆಲ್ಲ ಆಡಿಕೊಳ್ಳುತ್ತಾರೆ. ಅದನ್ನೇ ಹಿಡಿದುಬಿಟ್ಟಳು.

"ಮೂಗು ಹಿಡಿದ್ರೆ ಬಾಯಿ ಬಿಡ್ಲೇಬೇಕು," ಅಂದಳು. "ಹತ್ತು ನಿಮಿಷ ಇದೆ. ಏನಾದ್ರೂ ಮಾತಾಡಿ."

"ಏಡು ಬಾತಾಡ್ಲಿ?" ಎಂದೆ. ಮೂಗು ಮುಚ್ಚಿದ್ದರಿಂದ ಹಾಗೆ ಬಂತು. ಇವಳು ಕೈ ಅಲುಗುವಷ್ಟು ನಕ್ಕಳು, ಆದರೆ ಬಿಡಲಿಲ್ಲ. ಸರಿಯಾಗಿ ಹತ್ತು ನಿಮಿಷಕ್ಕೆ ಬಿಟ್ಟಳು. ರಕ್ತ ನಿಂತಿತ್ತು.

ಮಾರ್ಚ್ 9, ಭಾನುವಾರ

ಮಗಳು ಬಂದು ಬಿಪಿ ನೋಡುವ ಮಿಷನ್ ಕೊಟ್ಟು ಹೋದಳು. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಗುರ್ರೆಂದು ಬಿಗಿದು ಅಂಕಿ ತೋರಿಸುತ್ತದೆ. ನನ್ನದು 168, 98.

ಇವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, "ನಂದೂ ಒಂದ್ಸಲ ನೋಡ್ರೀ," ಅಂದಳು.

"ನಿಂಗೇನಾಗಿದೆ? ಮೂಗಿಂದ ಒಂದು ಹನಿ ಬಂದಿದ್ಯಾ? ಕಲ್ಲುಗುಂಡಿನ ಹಾಗಿದ್ದೀಯ."

"ನೋಡಪ್ಪ, ಅದ್ರಲ್ಲೇನಿದೆ," ಅಂದಳು ಮಗಳು.

"ಇದು ಆಟದ ಸಾಮಾನಲ್ಲ. ಒಂದು ಬಾಯ್ಲರಿನ ಗೇಜನ್ನ ಇನ್ನೊಂದಕ್ಕೆ ಹಾಕಬಾರದು. ಲೆಕ್ಕ ಕೆಡುತ್ತೆ." ಮಿಷನ್ನನ್ನು ಡಬ್ಬಿಗೆ ಹಾಕಿ ಕಪಾಟಿನ ಮೇಲಿಟ್ಟೆ. ಯಾವುದರಲ್ಲೂ ಪಾಲು ಕೇಳುವುದು ಹೆಂಗಸರ ಅಭ್ಯಾಸ, ಕಾಯಿಲೆಯಲ್ಲಿ ಕೂಡ.

ಮಾರ್ಚ್ 13, ಗುರುವಾರ

162, 96. ಉಪ್ಪಿಲ್ಲದ ಊಟ ಬಾಯಿಗೆ ಹುಲ್ಲು ಹಾಕಿಕೊಂಡ ಹಾಗಿದೆ. ಇವಳೂ ಅದನ್ನೇ ಉಣ್ಣುತ್ತಾಳೆ. ನಿನಗ್ಯಾಕೆ ಈ ಶಿಕ್ಷೆ, ಉಪ್ಪಿನಕಾಯಿ ಹಾಕಿಕೋ ಎಂದರೆ, "ಒಬ್ರಿಗೊಂದು ಒಬ್ರಿಗೊಂದು ಯಾಕೆ," ಎಂದಳು.

ಸಂಜೆ ಕೆಲಸದಿಂದ ಬರುತ್ತಲೇ ಮೂಗು ಸೋರಿತು. ಮತ್ತೆ ಕುರ್ಚಿ, ಮತ್ತೆ ಹತ್ತು ನಿಮಿಷ. ಈ ಸಲ ಮಾತಾಡಿದ್ದು ಅವಳೇ. ಅವಳ ತಾಯಿ ಹೋದ ದಿನದ ಸುದ್ದಿ. "ಅಮ್ಮ ಬಟ್ಟೆ ಹರವ್ತಾ ಇದ್ರು. ಹರವ್ತಾ ಹರವ್ತಾನೇ ನಿಂತಲ್ಲೇ ಬಿದ್ರು. ಒಂದು ದಿನ ತಲೆನೋವು ಅಂತ ಮಲಗಿದವರಲ್ಲ." ಇಷ್ಟು ವರ್ಷದಲ್ಲಿ ನಾನು ಇದನ್ನು ಪೂರ್ತಿ ಕೇಳಿರಲಿಲ್ಲ. ಮೂಗು ಅವಳ ಕೈಯಲ್ಲಿದ್ದಾಗ ಎದ್ದು ಹೋಗುವುದೆಲ್ಲಿಗೆ.

ಬಿಡುವಾಗ ಅಂದಳು, "ನಿಮ್ಮ ಪರೀಕ್ಷೆ ಮುಗೀಲಿ. ನಂದೊಂದು ಮಾತಿದೆ."

"ಈಗ್ಲೇ ಹೇಳು."

"ಬೇಡ. ನಿಮ್ಮ ಬಿಪಿ ಏರುತ್ತೆ."

ಮಗಳಿಗೆ ಏನೋ ಕೊಡಿಸಬೇಕೆಂದಿರಬೇಕು.

ಮಾರ್ಚ್ 18, ಮಂಗಳವಾರ

ಇಸ್ತ್ರಿ ಇವತ್ತು ಒಬ್ಬನನ್ನು ಕರೆತಂದು ಬಾಯ್ಲರ್ ತೋರಿಸಿದ. ನನ್ನ ಜಾಗಕ್ಕೆ ಬರುವವನು. ನಾನಿನ್ನೂ ಬದುಕಿದ್ದೇನೆ, ಹೆಣ ಅಳೆಯಲು ಬಂದರು. 170, 100. ಮೂಗು: ಇಲ್ಲ.

ಮಾರ್ಚ್ 22, ಶನಿವಾರ

ಬೆಳಿಗ್ಗೆ 148, 90. ಮೂಗು ಒಂಬತ್ತು ದಿನದಿಂದ ಒಣಗಿದೆ. ಖುಷಿಯಿಂದ ಮಿಷನ್ ಡಬ್ಬಿಗೆ ಹಾಕುವಾಗ ಇನ್ನೊಂದು ಗುಂಡಿ ಒತ್ತಿಹೋಯಿತು. ಹಿಂದಿನ ಅಂಕಿಗಳೆಲ್ಲ ಒಂದೊಂದಾಗಿ ಬಂದವು. 196, 112. ಆಮೇಲೆ ನನ್ನ 152. ಆಮೇಲೆ 201, 114. ಆಮೇಲೆ ನನ್ನ 155. ಆಮೇಲೆ 194. ಲಾಗ್ ತೆಗೆದು ಒಂದೊಂದಾಗಿ ತಾಳೆ ನೋಡಿದೆ. ನಾನು ಬರೆಯದ ಅಂಕಿಗಳು ಹನ್ನೊಂದು ಇವೆ. ನಾನು ಒಂದು ಅಂಕಿಯನ್ನೂ ಬಿಡುವವನಲ್ಲ.

"ಮಿಷನ್ ಮುಟ್ಟಿದ್ಯಾ?" ಎಂದು ಕೇಳಿದೆ. ಇವಳು ನನ್ನ ಕರವಸ್ತ್ರಗಳ ರಕ್ತದ ಕಲೆ ಉಜ್ಜುತ್ತಿದ್ದಳು.

"ನಾನ್ಯಾಕೆ ಮುಟ್ಲಿ," ಅಂದಳು, ತಿರುಗದೆ.

ಮಗಳಿಗೆ ಫೋನು ಮಾಡಿದೆ. "ಅಮ್ಮ ನೋಡ್ಕೊಂಡಿರಬಹುದು ಅಪ್ಪ. ಸರಿಯಾಗಿ ಕೇಳು."

"ಕೇಳಿದೆ, ಇಲ್ಲ ಅಂದ್ಲು. ನನ್ನ ಮೂಗು 190ಕ್ಕೇ ಒಡೀತು. ಇನ್ನೂರಾಗಿದ್ರೆ ಅವಳದು ಕೊಳಾಯಿ ಥರ ಸುರೀಬೇಕಿತ್ತು. ಮಿಷನ್ನೇ ಸುಳ್ಳು ಹೇಳ್ತಿದೆ."

ಸುಳ್ಳು ಹೇಳುವ ಗೇಜನ್ನು ನಂಬಿ ಪರೀಕ್ಷೆಗೆ ಹೋಗುವ ಮೂರ್ಖ ನಾನಲ್ಲ.

ಮಾರ್ಚ್ 23, ಭಾನುವಾರ

ಅಂಗಡಿಗೆ ಹೋದೆ. ಅಂಗಡಿಯವನು ತನ್ನ ತೋಳಿಗೇ ಕಟ್ಟಿಕೊಂಡು ನೋಡಿದ, 124. "ಮಿಷನ್ ಚೆನ್ನಾಗಿದೆ ಸಾರ್. ಮನೇಲಿ ಬೇರೆ ಯಾರೋ ನೋಡ್ಕೊಂಡಿದ್ದಾರೆ," ಎಂದ. ನಾನು ಲಾಗ್ ಬುಕ್ಕನ್ನು ಅವನ ಮೇಜಿನ ಮೇಲೆ ಕುಟ್ಟಿದೆ. ಗೇಜಿನ ವಿಚಾರ ನನಗೆ ಹೇಳಲು ಬರಬೇಡ ಎಂದೆ. ನನ್ನ ಬಾಯಿಗೆ ಹೆದರಿ ಹೊಸದು ಕೊಟ್ಟ.

ಮನೆಗೆ ಬಂದಾಗ ಇವಳು ಡಬ್ಬಿ ನೋಡಿ, "ಹಳೇದೆಲ್ಲಿ?" ಎಂದಳು.

"ಬದಲಾಯಿಸ್ದೆ. ಅದು ಸುಳ್ಳು ಹೇಳ್ತಿತ್ತು."

"ಸುಳ್ಳಾ?" ಇವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ಅದು ತೋರ್ಸಿದ್ದೆಲ್ಲ ಸುಳ್ಳಾ? ಇನ್ನೂರು ಗಿನ್ನೂರು ಅಂತ ಬಂದ್ರೆ, ಅದೂ ಸುಳ್ಳಾ?"

"ಎಲ್ಲಾ ಸುಳ್ಳು. ಮೂವತ್ತೊಂದು ವರ್ಷ ಗೇಜು ನೋಡಿದೀನಿ ಕಣೇ, ನಂಗೊತ್ತಾಗಲ್ವಾ?"

ಇವಳು ಗೋಡೆಗೆ ಒರಗಿ ಕೂತು, ಮುಖಕ್ಕೆ ಸೆರಗು ಮುಚ್ಚಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು. ಅವಳಿಗ್ಯಾಕೆ ಅಷ್ಟು ಖುಷಿಯೋ. ಊಟಕ್ಕೆ ಕೂತಾಗ ಉಪ್ಪಿನಕಾಯಿ ಜಾಡಿ ತೆಗೆದು ಎರಡೆರಡು ಸಲ ಹಾಕಿಕೊಂಡಳು. ಪರೀಕ್ಷೆ ಮುಗಿದ ಮೇಲೆ ಏನೋ ಮಾತಿದೆ ಅಂದಿದ್ದೆಯಲ್ಲ, ಏನದು ಎಂದು ಕೇಳಿದೆ.

"ಇನ್ನೇನೂ ಮಾತಿಲ್ಲ," ಅಂದಳು. ಆ ನಗು ನೋಡಿ ಎಷ್ಟು ವರ್ಷವಾಗಿತ್ತು. ಎದುರಿಗೆ ಕೂತು ನಾನೂ ಒಂದು ತುತ್ತು ಹೆಚ್ಚೇ ಉಂಡೆ.

ಮಾರ್ಚ್ 29, ಶನಿವಾರ

ಇವತ್ತಿನದನ್ನು ವಿವರವಾಗಿ ಬರೆಯಬೇಕು. ನಮ್ಮ ಬಾಯ್ಲರ್ ನಡೆಯುವುದು ಏಳು ಕೆಜಿ ಒತ್ತಡದಲ್ಲಿ. ಎಂಟೂವರೆಗೆ ಸೇಫ್ಟಿ ವಾಲ್ವ್ ತಾನಾಗಿ ಊದಿ ಸ್ಟೀಮ್ ಹೊರಗೆ ಬಿಡಬೇಕು. ಹನ್ನೊಂದು ಗಂಟೆಗೆ ನೋಡುತ್ತೇನೆ, ಗೇಜು ಒಂಬತ್ತರ ಮೇಲಿದೆ, ವಾಲ್ವ್ ಗಪ್‌ಚುಪ್. ಓಡಿಹೋಗಿ ಉರಿ ನಿಲ್ಲಿಸಿದೆ.

ಇಸ್ತ್ರಿ ಬಂದು ಕೂಗಾಡಿದ. "ಒಗೆಯೋ ಬಟ್ಟೆ ರಾಶಿ ಬಿದ್ದಿದೆ, ಯಾಕ್ರೀ ನಿಲ್ಸಿದ್ರಿ? ವಾಲ್ವ್ ಊದೇ ಇಲ್ವಲ್ಲ! ಗೇಜೇ ಕೆಟ್ಟಿರ್ಬೇಕು."

"ಸಾರ್, ಊದೋ ವಾಲ್ವಿಗೆ ಹೆದರಬೇಡಿ. ಗೇಜು ಏರ್ತಾ ಇರುವಾಗ ಸುಮ್ನೆ ಕೂತಿರೋ ವಾಲ್ವಿಗೆ ಹೆದರಿ," ಎಂದೆ. ನನಗೆ ಕೆಲಸ ಕಲಿಸಿದವರ ಮಾತು ಅದು.

ತಣ್ಣಗಾದ ಮೇಲೆ ಬಿಚ್ಚಿದರೆ ವಾಲ್ವಿನ ಒಳಗೆ ತುಕ್ಕು ಕಟ್ಟಿ ಕಚ್ಚಿಕೊಂಡಿತ್ತು. ಇನ್ನೊಂದು ಅರ್ಧ ಗಂಟೆ ಬಿಟ್ಟಿದ್ದರೆ ಮಡಿಕೆ ಹಾಲ್‌ನಲ್ಲಿದ್ದ ಹೆಂಗಸರ ಗತಿ ಏನಾಗುತ್ತಿತ್ತೋ. ಇಸ್ತ್ರಿಯ ಮುಖದಲ್ಲಿ ಮೊದಲ ಸಲ ಸುಕ್ಕು ನೋಡಿದೆ. ವಾಲ್ವ್ ಊದಲಿಲ್ಲವೆಂದು ಗೇಜನ್ನು ಸುಳ್ಳುಗಾರ ಎನ್ನುವವನನ್ನು ಬಾಯ್ಲರಿನ ಹತ್ತಿರ ಬಿಡಬಾರದು.

ಇವಳಿಗೆ ಹೇಳಿದೆ. "ನೀವಿದ್ದಿದ್ದಕ್ಕೆ ಆಯ್ತು," ಅಂದಳು. ಮೂಗು ಸೋರದಿದ್ದರೂ ಕುರ್ಚಿ ಎಳೆದು ಹತ್ತಿರ ಕೂತಿದ್ದಳು. 140, 88.

ಏಪ್ರಿಲ್ 4, ಶುಕ್ರವಾರ

ಪರೀಕ್ಷೆಯಲ್ಲಿ 138, 86. ಪಾಸು! ಲಾಂಡ್ರಿಯಲ್ಲೇ ಕೂತು ಬರೆಯುತ್ತಿದ್ದೇನೆ. ಇವಳಿಗೆ ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಬಟ್ಟೆ ಹರವಲು ಹೋಗಿರಬೇಕು.

ಏಪ್ರಿಲ್ 5

ಏಪ್ರಿಲ್ 12, ಶನಿವಾರ

ಮೇಲಿನ ತಾರೀಕಿನ ಮುಂದೆ ಏನೂ ಬರೆಯಲು ಆಗಿರಲಿಲ್ಲ.

ನಾಲ್ಕನೇ ತಾರೀಕು ಮನೆಗೆ ಬಂದಾಗ ಇವಳು ಬಟ್ಟೆ ಹರವುವ ತಂತಿಯ ಕೆಳಗೆ ಬಿದ್ದಿದ್ದಳು. ಒದ್ದೆ ಕರವಸ್ತ್ರ ಕೈಯಲ್ಲೇ ಇತ್ತು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಆಸ್ಪತ್ರೆಯಲ್ಲಿ ನೋಡಿದಾಗ ಮೇಲಿನದು 218, ಕೆಳಗಿನದು 124. ಮಿದುಳಿನಲ್ಲಿ ರಕ್ತನಾಳ ಒಡೆದಿದೆಯಂತೆ. ಹೊರಗೆ ಒಂದು ಹನಿ ಕಾಣಲಿಲ್ಲ, ಒಳಗೆ ಒಡೆಯಿತು.

"ಬಿಪಿ ಇದೆ ಅಂತ ಮೊದ್ಲೇ ಗೊತ್ತಿತ್ತಾ? ಯಾವತ್ತಾದ್ರೂ ನೋಡ್ಸಿದ್ರಾ?" ಎಂದು ಅಲ್ಲಿನ ಡಾಕ್ಟರು ಕೇಳಿದರು.

"ಇಲ್ಲ," ಎಂದೆ. ಮಗಳು ನನ್ನ ಮುಖವನ್ನೇ ನೋಡಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಬಲಗೈ ಬಲಗಾಲು ಬಿದ್ದುಹೋಗಿವೆ. ಮಾತಿಲ್ಲ. ಮಾತು ತಿರುಗಿ ಬಂದರೆ ಬರಬಹುದು, ಬರದೆಯೂ ಇರಬಹುದು ಎಂದರು. "ಆದ್ರೆ ನೀವು ಹೇಳೋದೆಲ್ಲ ಅವ್ರಿಗೆ ಅರ್ಥ ಆಗುತ್ತೆ, ಮಾತಾಡ್ತಾ ಇರಿ," ಎಂದರು. ನಾನು ಮಾತ್ರೆ ನುಂಗುವುದನ್ನು ಬಿಟ್ಟಿಲ್ಲ. ಮಗಳು ಲೋಟದಲ್ಲಿ ನೀರು ತಂದು ಮುಂದಿಡುತ್ತಾಳೆ, ಅಷ್ಟೇ.

ಏಪ್ರಿಲ್ 20, ಭಾನುವಾರ

ಅಂಗಡಿಗೆ ಹೋದೆ. ಹಳೇ ಮಿಷನ್ ಹಿಂದಿನ ಕಪಾಟಿನಲ್ಲೇ ಇತ್ತು. ಡಬ್ಬಿ ತೆರೆದದ್ದನ್ನು ಯಾರೂ ಕೊಳ್ಳುವುದಿಲ್ಲವಂತೆ. "ಅವತ್ತೇ ಹೇಳಿದ್ನಲ್ಲ ಸಾರ್," ಎಂದವನು ನನ್ನ ಮುಖ ನೋಡಿ ಡಬ್ಬಿ ಇಳಿಸಿ ಕೈಗಿಟ್ಟ.

ಮನೆಯಲ್ಲಿ ಮೇಜಿನ ಮೇಲಿಟ್ಟು ಆ ಗುಂಡಿ ಒತ್ತಿದೆ. ಎಲ್ಲವೂ ಹಾಗೇ ಇದ್ದವು. ನನ್ನದೊಂದು, ಅವಳದೊಂದು, ಪಕ್ಕಪಕ್ಕದಲ್ಲಿ. ನಾನು ಕೆಲಸಕ್ಕೆ ಹೋದ ಮೇಲೆ ಕಪಾಟಿನಿಂದ ಇಳಿಸಿ, ಒಬ್ಬಳೇ ಒಂದೇ ಕೈಯಲ್ಲಿ ಪಟ್ಟಿ ಸುತ್ತಿಕೊಂಡು, ನೋಡಿ, ಹೆದರಿ, ಇಟ್ಟಿದ್ದ ಹಾಗೆಯೇ ಮಡಿಸಿ ಮೇಲಿಟ್ಟಿದ್ದಾಳೆ. ಹನ್ನೊಂದು ಸಲ. ನನ್ನ ಪರೀಕ್ಷೆ ಮುಗಿಯಲಿ ಎಂದು ಕಾದಿದ್ದಳು. ನನ್ನ ಬಿಪಿ ಏರಬಾರದೆಂದು ಬಾಯಿ ಬಿಟ್ಟಿರಲಿಲ್ಲ. ಪರೀಕ್ಷೆ ಮುಗಿಯುವ ಮೊದಲೇ ನಾನು ಎಲ್ಲಾ ಸುಳ್ಳು ಎಂದು ಹೇಳಿ ಅವಳ ಬಾಯಿಗೆ ಉಪ್ಪಿನಕಾಯಿ ಹಾಕಿದೆ.

ಹನ್ನೊಂದನ್ನೂ ಒತ್ತಡದ ಕಾಲಮ್ಮಿನಲ್ಲಿ ಬರೆದೆ. ಮೂಗಿನ ಕಾಲಮ್ಮಿನಲ್ಲಿ ಹನ್ನೊಂದು ಸಲ 'ಇಲ್ಲ' ಎಂದು ಬರೆದೆ. ಷರಾ: ಗೇಜು ಸರಿಯಾಗಿಯೇ ಇತ್ತು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ನನಗೆ ಕೋಪವೂ ಇರಲಿಲ್ಲ. ಬರೀ ಜಂಬ.

ಮೇ 4, ಭಾನುವಾರ

ಇವಳನ್ನು ಮನೆಗೆ ಕರೆತಂದು ಐದು ದಿನವಾಯಿತು. ಮುಂದಿನ ಕೋಣೆಯಲ್ಲಿ ಮಂಚ ಹಾಕಿದ್ದೇನೆ. ಬಾಯ್ಲರಿಗೆ ರಜೆ ಬರೆದಿದ್ದೇನೆ, ಇಸ್ತ್ರಿ ಆ ಹೊಸಬನನ್ನು ಕೂರಿಸಿದ್ದಾನೆ, ಕೂರಿಸಿಕೊಳ್ಳಲಿ. ಬೆಳಿಗ್ಗೆ ಸಂಜೆ ಹಳೇ ಮಿಷನ್ನಿನಿಂದ ನಾನೇ ಇವಳ ಬಿಪಿ ನೋಡುತ್ತೇನೆ. ಇವತ್ತು 142, 88. ಅಂಕಿ ತೋರಿಸಿದರೆ ಮಿಷನ್ನಿನ ಕಡೆ ನೋಡುತ್ತಾಳೆ, ಆಮೇಲೆ ನನ್ನ ಕಡೆ. ಇದು ಸುಳ್ಳು ಹೇಳುವ ಮಿಷನ್ನಲ್ಲವೇ ಎಂದು ಕೇಳುವ ಹಾಗೆ. ಐದು ದಿನವೂ ನಾನು ಮುಖ ತಿರುಗಿಸಿಕೊಂಡೆ.

ಇವತ್ತು ಸಂಜೆ ಹಾಸುಬಟ್ಟೆ ಬದಲಿಸಲು ಬಗ್ಗಿದಾಗ ನನ್ನ ಮೂಗಿನಿಂದ ರಕ್ತ ಬಿತ್ತು. ಏಳು ವಾರದ ಮೇಲೆ. ನಾನು ಏಳುವ ಮೊದಲೇ ಇವಳ ಎಡಗೈ ಬಂತು. ತಡವರಿಸುತ್ತ ಕೆನ್ನೆ ಮುಟ್ಟಿ, ಮೂಗು ಹುಡುಕಿ, ಮೆತ್ತನೆಯ ಭಾಗವನ್ನೇ ಹಿಡಿಯಿತು. ಬಿಗಿಯಾಗಿ ಹಿಡಿದಳು. ಕಣ್ಣು ಗೋಡೆಯ ಗಡಿಯಾರದ ಕಡೆ ಹೋಯಿತು. ನಾನು ಮಂಚದ ಪಕ್ಕ ಮಂಡಿಯೂರಿ ತಲೆ ಬಾಗಿಸಿದೆ.

ಮೂಗು ಹಿಡಿದರೆ ಬಾಯಿ ಬಿಡಲೇಬೇಕು. ಬಿಟ್ಟೆ. ಮೂಗು ಮುಚ್ಚಿದ್ದರಿಂದ ಕೋಡಂಗಿಯ ದನಿಯಲ್ಲಿ ಎಲ್ಲ ಹೇಳಿದೆ. ಆ ಮಿಷನ್ ಸುಳ್ಳು ಹೇಳಿರಲಿಲ್ಲ ಎಂದೆ. ಅಂಗಡಿಯವನು ಅವತ್ತೇ ಹೇಳಿದ್ದ, ಮಗಳೂ ಹೇಳಿದ್ದಳು, ಡಾಕ್ಟರಮ್ಮ ಮೊದಲೇ ಹೇಳಿದ್ದರು, ನಾನು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದೆ. ನಿನ್ನ ಇನ್ನೂರು ನಿಜವಾದ ಇನ್ನೂರು, ಸುಳ್ಳು ಹೇಳಿದವನು ನಾನು ಎಂದೆ.

ಇವಳು ಕೇಳಿದಳು. ಎಲ್ಲ ಅರ್ಥವಾಯಿತು, ಕಣ್ಣಿನಲ್ಲಿ ಕಂಡಿತು. ಆಮೇಲೆ ಬೆರಳು ಬಿಟ್ಟಳು. ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಬಿಳಿ ಹಾಸುಬಟ್ಟೆಯ ಮೇಲೆ ರಕ್ತ ಬೀಳುತ್ತಲೇ ಇತ್ತು. ಗಡಿಯಾರ ನೋಡಿದೆ, ನಾಲ್ಕು ನಿಮಿಷವಾಗಿತ್ತು.

ಉಳಿದ ಆರು ನಿಮಿಷ ನಾನೇ ಹಿಡಿದುಕೊಂಡು ಕೂತೆ.